ಅರ್ಜುನನ ಆತ್ಮಗ್ಲಾನಿ: ಕರ್ಣಪರ್ವದ ಒಂದು ಪ್ರಸಂಗ

ಕರ್ಣಪರ್ವವನ್ನು ಓದುವ ರಸಿಕರು ಕರ್ಣನ ಮರಣಕ್ಕೆ ಮರುಗುವಷ್ಟು, ಅದಕ್ಕೆ ಮುಂಚೆ ಪಾಂಡವರ ಪಾಳೆಯದಲ್ಲಿ ನಡೆದ ಅಣ್ಣತಮ್ಮಂದಿರ ಕಲಹಕ್ಕೆ ಮನಗೊಡುವದಿಲ್ಲ. ರಣದಲ್ಲಿ ಅಳಿಯದ ವೀರನು ತನ್ನ ಕೈಯಿಂದಲೇ ಅಳಿಯಲೆಳಸಿದ ಪ್ರಸಂಗವದು.

ಕರ್ಣನಿಂದ ಗಾಯಗೊಂಡ ಧರ್ಮರಾಜನು, ವೈರಿಯಿನ್ನೂ ಬದುಕಿರುವನೆಂದರಿತು, ಗಾಂಡೀವವನ್ನು ಬೇರೊಬ್ಬನಿಗೆ ಕೊಟ್ಟುಬಿಡೆಂದು ಅರ್ಜುನನನ್ನು ಹಳಿಯುವನು. ಹಾಗೆಂದವನನ್ನು ಕೊಲ್ಲುವ ವ್ರತವಿದ್ದ ಅರ್ಜುನನು ಖಡ್ಗವನ್ನು ಹಿರಿಯುವನು. ಹಿರಿಯರನ್ನು ಏಕವಚನದಿಂದ ಹಳಿಯುವದೇ ವಧೆಯೆಂದು ಕೃಷ್ಣನು ತಡೆಯುವನು. ಅಣ್ಣನನ್ನು ಹಳಿದು ಪಶ್ಚಾತ್ತಾಪದಿಂದ ಬೆಂದ ಅರ್ಜುನನು ಖಡ್ಗವನ್ನು ತನ್ನ ಮೇಲೆಯೇ ತಿರುಗಿಸಲೆಳಸುವನು. ಆತ್ಮಪ್ರಶಂಸೆಯೇ ಆತ್ಮಹತ್ಯೆಗೆ ಸಮಾನವೆಂದು ಹೇಳಿ, ಕೃಷ್ಣನು ಅವನ ಬಾಯಿಂದಲೇ ಅವನ ಪರಾಕ್ರಮವನ್ನು ನುಡಿಸುವನು.

ಇದು ಬರಿಯ ಚಮತ್ಕಾರವಲ್ಲ. ಸಖನು ಬಳಿಯಲ್ಲಿಯೇ ಇದ್ದನು, ಖಡ್ಗವನ್ನು ಹಿರಿದುದೇಕೆಂದು ಮೊದಲು ಕೇಳಿದನು, ಹೇಡಿಯೆಂದು ಮೂದಲಿಸಲಿಲ್ಲ. ಕೊನೆಗೆ, ಕಾಡಿಗೆ ಹೊರಟು ನಿಂತ ಧರ್ಮರಾಜನನ್ನೂ ಸಂತೈಸಿ, ಸೋದರರಿಬ್ಬರೂ ಅಪ್ಪಿಕೊಂಡು ಅಳುವವರೆಗೆ ಬಿಡಲಿಲ್ಲ. ಯೋಧನನ್ನು ಉಳಿಸಿದ್ದು ಅವನ ಶೌರ್ಯವಲ್ಲ, ಅವನ ಸುತ್ತಲಿನ ಬಾಂಧವ್ಯ.

ಕನ್ನಡ ನಾಡು ಮತ್ತೊಂದು ಆದರ್ಶವನ್ನೂ ಕಲ್ಲಿನಲ್ಲಿ ಕೆತ್ತಿಸಿದೆ. ಹೊಯ್ಸಳ ಎರಡನೆಯ ವೀರಬಲ್ಲಾಳನು 1220ರ ಸುಮಾರಿಗೆ ತೀರಿಕೊಂಡಾಗ, ಅವನ ಗರುಡನಾದ ಕುವರ ಲಕ್ಷ್ಮನು ಪತ್ನಿ ಸುಗ್ಗಲದೇವಿಯೊಡನೆ ಪ್ರಾಣ ತೊರೆದುದನ್ನು ಹಳೇಬೀಡಿನ ಕಂಬವು ಕೊಂಡಾಡುತ್ತದೆ. ಫ್ರೆಂಚ್ ಸಮಾಜಶಾಸ್ತ್ರಜ್ಞ ಡುರ್ಕೈಮನು 1897ರ ತನ್ನ ಗ್ರಂಥದಲ್ಲಿ, ತನ್ನ ಜೀವವನ್ನು ಹಗುರವೆಂದು ಬಗೆಯುವ ಶಿಕ್ಷಣವೇ ಸೈನಿಕನನ್ನು ಆತ್ಮಹತ್ಯೆಗೆ ಸಮೀಪಗೊಳಿಸುವದೆಂದು ವಾದಿಸಿದನು. ಕಂಬದ ಸ್ತುತಿಯನ್ನು ಓದುವವರು ಈ ಮಾತನ್ನು ಮರೆಯಲಾಗದು.

ಕರ್ಣಪರ್ವದ ಪ್ರಸಂಗದಲ್ಲಿಯೂ ಒಂದು ಕೊರತೆಯುಂಟು. ಕಣ್ಣೀರು ಆರುವ ಮುನ್ನವೇ ಅರ್ಜುನನು ರಣಕ್ಕೆ ಮರಳುವನು. ಅವನ ಒಳಗಿನ ಗಾಯಕ್ಕೆ ಕವಿಯು ಬಿಡುವು ಕೊಡುವದಿಲ್ಲ. ಈಗಿನ ವೈದ್ಯಶಾಸ್ತ್ರವು ಅಂಥವನಿಂದ ಆಯುಧವನ್ನು ದೂರವಿರಿಸಿ, ಸಂಗಾತಿಗಳನ್ನು ಹತ್ತಿರ ತಂದು, ಚಿಕಿತ್ಸೆಗೆ ಕಾಲಾವಕಾಶವೀಯಬೇಕೆನ್ನುವದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುವದು.

ಕೋಳಿವಾಡದ ಕುಮಾರವ್ಯಾಸನ ಭಾರತವನ್ನು ಓದಿಸಿ ಕೇಳಿದ ಸೀಮೆಯಿದು. ದೇವಿಕೊಪ್ಪದ ಮನೆಗೆ ಸಿಪಾಯಿಯೊಬ್ಬನು ಸೂಟಿಯ ಮೇಲೆ ಬಂದು ಮೌನವಾಗಿ ಕುಳಿತರೆ, ಮನೆಯವರು ಧರ್ಮರಾಜನಂತೆ ಹಳಿಯಬೇಕೋ, ಕೃಷ್ಣನಂತೆ ಕೇಳಬೇಕೋ ಎಂಬುದನ್ನು ಈ ಪ್ರಸಂಗವೇ ಕಲಿಸುವದು.