ಚಿತ್ರದ ಗುಣ, ಯಂತ್ರದ ಬಾಳಿಕೆ: ಮನೆಬಳಕೆಯ ಡಿವಿಡಿ ರೆಕಾರ್ಡರುಗಳ ತೌಲನಿಕ ವಿಮರ್ಶೆ

ಟಿ.ವಿ. ಪ್ರಸಾರವನ್ನಾಗಲಿ ಹಳೆಯ ವಿಎಚ್‌ಎಸ್ ಕ್ಯಾಸೆಟ್ಟಿನ ದೃಶ್ಯವನ್ನಾಗಲಿ ಕಂಪ್ಯೂಟರಿನ ನೆರವಿಲ್ಲದೆ ನೇರವಾಗಿ ಡಿಸ್ಕಿಗೆ ಇಳಿಸುವ ಯಂತ್ರವೇ ಡಿವಿಡಿ ರೆಕಾರ್ಡರ್. 1999ರ ಕೊನೆಯಲ್ಲಿ ಪಯೋನಿಯರ್ ಕಂಪನಿ ಜಪಾನಿನಲ್ಲಿ ಇಂಥ ಮೊದಲ ಯಂತ್ರವನ್ನು ಮಾರಾಟಕ್ಕೆ ತಂದ ಮೇಲೆ ಪ್ಯಾನಸೋನಿಕ್, ಫಿಲಿಪ್ಸ್, ಸೋನಿ, ತೋಷಿಬಾ, ಜೆವಿಸಿ ಮೊದಲಾದ ಕಂಪನಿಗಳು ಪೈಪೋಟಿಗೆ ಇಳಿದವು. ಯಾವ ರೆಕಾರ್ಡರ್ ಉತ್ತಮ ಎಂದು ಕೇಳುವವರು ವಾಸ್ತವದಲ್ಲಿ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳುತ್ತಾರೆ: ದಾಖಲಾದ ಚಿತ್ರ ಎಷ್ಟು ಚೆನ್ನಾಗಿದೆ, ಆ ದಾಖಲೆ ಎಷ್ಟು ಕಾಲ ಉಳಿಯುತ್ತದೆ. ಮೊದಲನೆಯದು ಯಂತ್ರದೊಳಗಿನ ಚಿಪ್ಪನ್ನು ಅವಲಂಬಿಸಿದರೆ, ಎರಡನೆಯದು ಡ್ರೈವು, ಡಿಸ್ಕು ಮತ್ತು ವಿದ್ಯುತ್ತನ್ನು ಅವಲಂಬಿಸುತ್ತದೆ. ಚಿತ್ರದಲ್ಲಿ ಮುಂದಿರುವ ಯಂತ್ರ ಬಾಳಿಕೆಯಲ್ಲಿಯೂ ಮುಂದಿರಬೇಕೆಂಬ ನಿಯಮವಿಲ್ಲದ ಕಾರಣ ಇವೆರಡನ್ನು ಬೇರೆಬೇರೆಯಾಗಿಯೇ ತೂಗಬೇಕು.

ಚಿತ್ರದ ಗುಣವನ್ನು ನಿರ್ಧರಿಸುವ ಮುಖ್ಯ ಅಂಶ ಬಿಟ್‌ರೇಟ್, ಅಂದರೆ ಪ್ರತಿ ಸೆಕೆಂಡಿನ ದೃಶ್ಯಕ್ಕೆ ಯಂತ್ರ ವ್ಯಯಿಸುವ ದತ್ತಾಂಶದ ಪ್ರಮಾಣ. ಒಂದು ಪದರದ ಡಿಸ್ಕಿನಲ್ಲಿ ಹಿಡಿಯುವುದು 4.7 ಗಿಗಾಬೈಟ್ ಮಾತ್ರ. ಅದನ್ನು ಒಂದು ಗಂಟೆಗೆ ಹಂಚಿದರೆ ಸೆಕೆಂಡಿಗೆ ಸುಮಾರು 10 ಮೆಗಾಬಿಟ್, ಎರಡು ಗಂಟೆಗೆ ಹಂಚಿದರೆ 5, ನಾಲ್ಕು ಗಂಟೆಗೆ ಹಂಚಿದರೆ ಸುಮಾರು 2.5 ಮೆಗಾಬಿಟ್ ದೊರೆಯುತ್ತದೆ. ಎಕ್ಸ್‌ಪಿ, ಎಸ್‌ಪಿ, ಎಲ್‌ಪಿ ಎಂದು ರಿಮೋಟಿನಲ್ಲಿ ಕಾಣುವ ಆಯ್ಕೆಗಳು ಈ ಹಂಚಿಕೆಯ ಹೆಸರುಗಳೇ. ಎಲ್ಲ ಕಂಪನಿಗಳೂ ಎಂಪೆಗ್-2 ಎಂಬ ಒಂದೇ ಸಂಕೋಚನ ವಿಧಾನವನ್ನು ಬಳಸಿದ್ದರಿಂದ ಒಂದು ಗಂಟೆಯ ಮತ್ತು ಎರಡು ಗಂಟೆಯ ಆಯ್ಕೆಗಳಲ್ಲಿ ಒಳ್ಳೆಯ ಯಂತ್ರಗಳ ನಡುವಿನ ವ್ಯತ್ಯಾಸ ಸಾಮಾನ್ಯ ನೋಡುಗರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಅದು ಎದ್ದು ಕಾಣುವುದು ನಾಲ್ಕು ಗಂಟೆಯ ಆಯ್ಕೆಯಲ್ಲಿ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಪೂರ್ಣ ಚಿತ್ರಕ್ಕೆ 720×576 ಬಿಂದುಗಳಿದ್ದು, ಹಲವು ಯಂತ್ರಗಳು ಈ ಹಂತದಲ್ಲಿ ಅಡ್ಡಬಿಂದುಗಳನ್ನು 352ಕ್ಕೆ ಇಳಿಸುತ್ತವೆ. ಪ್ಯಾನಸೋನಿಕ್‌ನ ನಂತರದ ಮಾದರಿಗಳು ನಾಲ್ಕು ಗಂಟೆಯಲ್ಲಿಯೂ ಹೆಚ್ಚಿನ ವಿವರವನ್ನು ಉಳಿಸಿಕೊಂಡದ್ದು ಅವುಗಳ ಹೆಗ್ಗಳಿಕೆ. ಪಯೋನಿಯರ್‌ನ ಹಲವು ಮಾದರಿಗಳು ಬಿಟ್‌ರೇಟನ್ನು 32 ಹಂತಗಳಲ್ಲಿ ಆರಿಸಿಕೊಳ್ಳುವ ಅವಕಾಶ ನೀಡಿ, ಡಿಸ್ಕಿನ ಜಾಗ ಪೋಲಾಗದಂತೆ ನೋಡಿಕೊಂಡವು.

ಆದರೆ ಬಿಂದುಗಳ ಎಣಿಕೆಯೊಂದರಿಂದಲೇ ತೀರ್ಪು ಕೊಡುವುದು ಸರಿಯಲ್ಲ. ವಿಎಚ್‌ಎಸ್ ಟೇಪು ಹಿಡಿದಿಡಬಲ್ಲ ವಿವರ ಸುಮಾರು 3 ಮೆಗಾಹರ್ಟ್ಸ್‌ಗೆ ಸೀಮಿತವಾದದ್ದು. ಚಿತ್ರದ ಒಂದು ಸಾಲು 52 ಮೈಕ್ರೊಸೆಕೆಂಡುಗಳಷ್ಟು ಇರುವುದರಿಂದ ಅಷ್ಟು ವಿವರವನ್ನು ಅಂಕೀಯವಾಗಿ ಹಿಡಿಯಲು ಲೆಕ್ಕದ ಪ್ರಕಾರ 312 ಬಿಂದುಗಳು ಸಾಕು. ಹೀಗಾಗಿ ಕ್ಯಾಸೆಟ್ಟಿನ ನಕಲಿನಲ್ಲಿ 352 ಬಿಂದುಗಳಿಗೆ ಇಳಿಸಿದರೂ ನಷ್ಟ ಅಲ್ಪ. ನಿಜವಾದ ನಷ್ಟ ಬಿಟ್‌ರೇಟಿನ ಕೊರತೆಯಿಂದ ಬರುತ್ತದೆ. ಮದುವೆಯ ಕ್ಯಾಸೆಟ್ಟೊಂದರಲ್ಲಿ ಧಾರೆಯ ಹೊತ್ತಿಗೆ ಅಕ್ಷತೆ ಬೀಳುವ ದೃಶ್ಯವನ್ನು ಗಮನಿಸಬಹುದು: ಒಂದೊಂದು ಕಾಳೂ ಒಂದೊಂದು ದಿಕ್ಕಿನಲ್ಲಿ ಚಲಿಸುತ್ತದೆ, ಫೋಟೊಗ್ರಾಫರನ ಫ್ಲಾಶ್ ಇಡೀ ಚೌಕಟ್ಟಿನ ಬೆಳಕನ್ನು ಏಕಾಏಕಿ ಬದಲಿಸುತ್ತದೆ, ಟೇಪಿನ ಸಹಜ ಕಾಳುಕಾಳಾದ ಗದ್ದಲವೂ ಅದರ ಜೊತೆ ಸೇರುತ್ತದೆ. ಹಿಂದಿನ ಚೌಕಟ್ಟಿನೊಂದಿಗೆ ಹೋಲಿಸಿ, ಬದಲಾದದ್ದನ್ನು ಮಾತ್ರ ಬರೆದುಕೊಂಡು ಜಾಗ ಉಳಿಸುವ ಎಂಪೆಗ್-2ಕ್ಕೆ ಇಲ್ಲಿ ಉಳಿಸಲು ಏನೂ ಸಿಗದೆ, ಕಡಿಮೆ ಬಿಟ್‌ರೇಟಿನಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಆದ್ದರಿಂದ ಹಳೆಯ ಟೇಪುಗಳ ಮಟ್ಟಿಗೆ, ಗದ್ದಲವನ್ನು ಮೊದಲೇ ತಗ್ಗಿಸಿ ಆಮೇಲೆ ಸಂಕೋಚಿಸುವ ಯಂತ್ರವೇ ಮೇಲು. ಜೆವಿಸಿ ರೆಕಾರ್ಡರುಗಳಿಗೆ ಹೆಸರು ಬಂದದ್ದು ಈ ಗುಣದಿಂದ.

ಟೇಪಿನ ಓಟ ಏಕರೂಪವಾಗಿರದ ಕಾರಣ ಚಿತ್ರದ ಸಾಲುಗಳು ಆರಂಭವಾಗುವ ಗಳಿಗೆಯಲ್ಲಿ ಏರುಪೇರಾಗುವುದು ಇನ್ನೊಂದು ತೊಡಕು. ನೆಟ್ಟಗಿರಬೇಕಾದ ಚಪ್ಪರದ ಕಂಬ ತೆರೆಯ ಮೇಲೆ ಅಂಕುಡೊಂಕಾಗಿ ನಡುಗುವುದು ಇದರಿಂದಲೇ. ಪ್ಯಾನಸೋನಿಕ್‌ನ ಡಿಎಂಆರ್-ಇಎಸ್10 ಎಂಬ ಸಾಧಾರಣ ಬೆಲೆಯ ಮಾದರಿ ಈ ಏರುಪೇರನ್ನು ಗಮನಾರ್ಹವಾಗಿ ಸರಿಪಡಿಸಬಲ್ಲದು. ಆದ್ದರಿಂದಲೇ ಕ್ಯಾಸೆಟ್ ನಕಲು ಮಾಡುವವರು ರೆಕಾರ್ಡಿಂಗಿಗೆ ಬೇರೆ ಯಂತ್ರವನ್ನು ಬಳಸಿದರೂ ಸಂಕೇತವನ್ನು ಮೊದಲು ಇದರ ಮೂಲಕ ಹಾಯಿಸುವ ರೂಢಿಯಿದೆ.

ಬಾಳಿಕೆಯ ವಿಷಯಕ್ಕೆ ಬಂದರೆ ಡಿಸ್ಕಿನ ಬಗೆಯನ್ನು ಮೊದಲು ನೋಡಬೇಕಾಗುತ್ತದೆ. ಪಯೋನಿಯರ್ ಡಿವಿಡಿ-ಆರ್ ಮತ್ತು ಡಿವಿಡಿ-ಆರ್‌ಡಬ್ಲ್ಯೂ ಬಗೆಯನ್ನು, ಫಿಲಿಪ್ಸ್ ಡಿವಿಡಿ ಪ್ಲಸ್ ಬಗೆಯನ್ನು, ಪ್ಯಾನಸೋನಿಕ್ ಡಿವಿಡಿ-ರ‍್ಯಾಮ್ ಬಗೆಯನ್ನು ಎತ್ತಿಹಿಡಿದವು. ರ‍್ಯಾಮ್ ಡಿಸ್ಕನ್ನು ಒಂದು ಲಕ್ಷ ಸಲ ಅಳಿಸಿ ಬರೆಯಬಹುದೆಂದು ತಯಾರಕರು ಹೇಳುತ್ತಿದ್ದರು. ಕೆಟ್ಟ ಭಾಗಗಳನ್ನು ಗುರುತಿಸಿ ಬದಿಗಿಡುವ ಏರ್ಪಾಡೂ ಅದರಲ್ಲಿಯೇ ಇದೆ. ಆದರೆ ಬಹುಪಾಲು ಸಾಮಾನ್ಯ ಪ್ಲೇಯರುಗಳು ಅದನ್ನು ಓದುವುದಿಲ್ಲವಾದ್ದರಿಂದ ನೆಂಟರಿಷ್ಟರಿಗೆ ಹಂಚಲು ಅದು ನಿರುಪಯುಕ್ತ. ಒಮ್ಮೆ ಮಾತ್ರ ಬರೆಯಬಹುದಾದ ಆರ್ ಡಿಸ್ಕನ್ನು ಬೇರೆ ಪ್ಲೇಯರಿನಲ್ಲಿ ಹಾಕಬೇಕಾದರೆ ಕೊನೆಗೆ ಫೈನಲೈಸ್ ಮಾಡಬೇಕು, ಎಂದರೆ ಡಿಸ್ಕಿನ ವಿಷಯಸೂಚಿಯನ್ನು ಬರೆದು ಮುಚ್ಚಬೇಕು. ಈ ನಡುವೆ ಕರೆಂಟು ಹೋದರೆ ಇಡೀ ಡಿಸ್ಕು ಕೈತಪ್ಪುವ ಅಪಾಯವಿರುವುದರಿಂದ, ಲೋಡ್ ಶೆಡ್ಡಿಂಗ್ ಕಂಡ ಕರ್ನಾಟಕದ ಊರುಗಳಲ್ಲಿ ಯುಪಿಎಸ್ ಇಲ್ಲದೆ ಈ ಯಂತ್ರವನ್ನು ನಡೆಸುವುದು ಜಾಣತನವಲ್ಲ.

ಯಂತ್ರದ ಅಂಗಗಳಲ್ಲಿ ಬೇಗ ಸೋಲುವುದು ಡ್ರೈವು. ಓದುವುದಕ್ಕಿಂತ ಬರೆಯುವುದಕ್ಕೆ ಲೇಸರ್ ಹೆಚ್ಚು ಶಕ್ತಿಯಿಂದ ಉರಿಯಬೇಕಾದ್ದರಿಂದ ಅದು ಬೇಗ ಸವೆಯುತ್ತದೆ. ಮಸೂರದ ಮೇಲೆ ಧೂಳು ಕೂತರೂ, ವಿದ್ಯುತ್ ಭಾಗದ ಕೆಪಾಸಿಟರುಗಳು ಉಬ್ಬಿದರೂ ಕೆಲಸ ನಿಲ್ಲುತ್ತದೆ. ಇದಕ್ಕಿಂತ ಮೋಸದ ದೋಷ ಅಗ್ಗದ ಡಿಸ್ಕಿನದು. ಆರ್ ಡಿಸ್ಕಿನಲ್ಲಿ ದತ್ತಾಂಶ ನಿಲ್ಲುವುದು ಸಾವಯವ ಬಣ್ಣದ ತೆಳು ಪದರದ ಮೇಲೆ. ಆ ಪದರ ಕಳಪೆಯಾಗಿದ್ದರೆ ಬರೆದ ದಿನ ಚೆನ್ನಾಗಿಯೇ ಓಡಿದ ಡಿಸ್ಕು ಕೆಲವು ವರ್ಷಗಳಲ್ಲಿ ತಡವರಿಸತೊಡಗುತ್ತದೆ. ದೋಷ ತಿದ್ದುವ ಗಣಿತ ಡಿವಿಡಿಯೊಳಗೇ ಇರುವುದರಿಂದ ಸವಕಳಿ ಹೊರಗೆ ತೋರದೆ, ತಿದ್ದುವ ಮಿತಿ ಮೀರಿದ ಮೇಲೆ ಚಿತ್ರ ಒಮ್ಮೆಲೇ ನಿಂತುಬಿಡುತ್ತದೆ. ಜಪಾನಿನ ತೈಯೊ ಯೂಡೆನ್ ಮತ್ತು ವರ್ಬಾಟಿಮ್ ಡಿಸ್ಕುಗಳನ್ನು ಅನುಭವಿಗಳು ಹುಡುಕಿ ಕೊಳ್ಳುತ್ತಿದ್ದುದು ಈ ಕಾರಣಕ್ಕೆ.

ಇವೆಲ್ಲವನ್ನು ಒಟ್ಟಿಗೆ ತೂಗಿದಾಗ ಹಾರ್ಡ್ ಡಿಸ್ಕ್ ಉಳ್ಳ ರೆಕಾರ್ಡರಿಗೆ ಮೊದಲ ಸ್ಥಾನ ಸಲ್ಲುತ್ತದೆ. ಅದರಲ್ಲಿ ರೆಕಾರ್ಡಿಂಗ್ ಮೊದಲು ಹಾರ್ಡ್ ಡಿಸ್ಕಿಗೆ ಇಳಿಯುವುದರಿಂದ ಡಿವಿಡಿಯೊಂದು ಕೆಟ್ಟರೂ ಮೂಲ ಉಳಿದಿರುತ್ತದೆ, ಬೇಡದ ಭಾಗವನ್ನು ತೆಗೆದು ಇನ್ನೊಂದು ಪ್ರತಿ ಮಾಡಬಹುದು, ಡಿವಿಡಿ ಡ್ರೈವಿನ ಮೇಲಿನ ಹೊರೆಯೂ ಇಳಿಯುತ್ತದೆ. ಹಾರ್ಡ್ ಡಿಸ್ಕ್ ಇಲ್ಲದ ಯಂತ್ರಗಳಲ್ಲಿ ದೀರ್ಘ ರೆಕಾರ್ಡಿಂಗಿಗೆ ಪ್ಯಾನಸೋನಿಕ್, ಗದ್ದಲದ ಟೇಪುಗಳಿಗೆ ಜೆವಿಸಿ ಎಂಬ ವಿಂಗಡಣೆ ಒಪ್ಪತಕ್ಕದ್ದು. ಆದರೆ ಇವುಗಳಲ್ಲಿ ಯಾವುದೂ ದಾಖಲೆಯ ಕೊನೆಯ ನೆಲೆಯಾಗಲಾರದು. ಇಂಥ ಡಿಸ್ಕುಗಳನ್ನು ಇಟ್ಟುಕೊಂಡಿರುವವರು, ಅವು ಓಡುತ್ತಿರುವಾಗಲೇ ಅವುಗಳೊಳಗಿನ ಕಡತಗಳನ್ನು ಮರುಸಂಕೋಚನ ಮಾಡದೆ ಎರಡು ಹಾರ್ಡ್ ಡಿಸ್ಕುಗಳಿಗೆ ನಕಲಿಸಿಕೊಳ್ಳಬೇಕು. ಮೂಲ ಕ್ಯಾಸೆಟ್ಟನ್ನು ಅಲ್ಲಿಯವರೆಗೆ ಎಸೆಯಬಾರದು.