ಬೆತ್ತದ ಬಾಗಿಲು, ಗುಜರಿಗೆ ಹೋದ ಕುರ್ಚಿ

ಸಿ.ವಿ. ರಾಮನ್ ನಗರದ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರು ಮನೆಗೆ ಹೊಸದಾಗಿ ಇಂಟೀರಿಯರ್ ಮಾಡಿಸಿ ಊಟಕ್ಕೆ ಕರೆದಿದ್ದರು. ಒಳಗೆ ಕಾಲಿಟ್ಟಾಗ ನನ್ನ ಕಣ್ಣು ಮೊದಲು ಹೋದದ್ದು ಟಿವಿ ಕೆಳಗಿನ ಕಪಾಟಿಗೆ. ಬಾಗಿಲ ತುಂಬ ಬೆತ್ತದ ಜಾಲರಿ. "ಈಗ ಇದೇ ಟ್ರೆಂಡು" ಎಂದರು ಮನೆಯಾಕೆ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಅದೇ ಮನೆಯ ಅಜ್ಜನ ತೇಗದ ಕುರ್ಚಿ, ಕೈಯಿಂದ ಬೆತ್ತ ಹೆಣೆದದ್ದು, ಎರಡು ತಿಂಗಳ ಹಿಂದೆ ಗುಜರಿಯವನ ಗಾಡಿ ಹತ್ತಿದ್ದನ್ನು ನಾನು ಗೇಟಿನ ಬಳಿ ನಿಂತು ನೋಡಿದ್ದೆ. ಥೀಮಿಗೆ ಹೊಂದುವುದಿಲ್ಲ ಎಂದಿದ್ದರಂತೆ ಡಿಸೈನರು.

ಆ ಎರಡು ಬೆತ್ತಗಳನ್ನು ಹತ್ತಿರದಿಂದ ನೋಡಬೇಕು. ಕುರ್ಚಿಯ ಚೌಕಟ್ಟಿನ ಸುತ್ತ ಸಾಲಾಗಿ ತೂತು ಕೊರೆದಿರುತ್ತಾರೆ. ನೆನೆಸಿದ ಬೆತ್ತದ ಎಳೆಯನ್ನು ಉದ್ದಕ್ಕೆ, ಅಡ್ಡಕ್ಕೆ, ಆಮೇಲೆ ಎರಡೂ ಕಡೆಯಿಂದ ಓರೆಗೆ ಎಳೆದು ಹೆಣೆದಾಗ ಎಂಟು ಮೂಲೆಯ ಕಣ್ಣುಗಳು ಮೂಡುತ್ತವೆ. ಹೆಣಿಗೆ ಜೋತುಬಿದ್ದರೆ ಎಳೆ ಕಿತ್ತು ಅದೇ ತೂತುಗಳಲ್ಲಿ ಮತ್ತೆ ಹೆಣೆಯಬಹುದು, ಚೌಕಟ್ಟಿಗೆ ಏನೂ ಆಗುವುದಿಲ್ಲ. ಕಪಾಟಿನ ಬಾಗಿಲಿನದು ಕಾರ್ಖಾನೆಯಲ್ಲಿ ನೇಯ್ದು ಸುರುಳಿ ಸುತ್ತಿದ ಜಾಲರಿ. ಅಡಿ ಲೆಕ್ಕದಲ್ಲಿ ಕೊಂಡು, ಅಂಚಿನ ತೋಡಿಗೆ ಅಂಟು ಹಾಕಿ ಒತ್ತಿದರೆ ಮುಗಿಯಿತು. ಒಂದು ಕಡೆ ಹರಿದರೆ ಇಡೀ ತುಂಡನ್ನೇ ಬದಲಿಸಬೇಕು.

ಈ ಬೆತ್ತದ ಹುಚ್ಚು ಎಲ್ಲಿಂದ ಬಂತು? ವಾಸ್ತುಶಿಲ್ಪಿ ಲೆ ಕಾರ್ಬೂಸಿಯರನ ಸೋದರ ಸಂಬಂಧಿ ಪಿಯರ್ ಜಾನರೆ 1951ರಿಂದ 1965ರವರೆಗೆ ಚಂಡೀಗಢದಲ್ಲಿದ್ದಾಗ ಅಲ್ಲಿನ ಕಚೇರಿ, ಕಾಲೇಜುಗಳಿಗಾಗಿ ತೇಗ ಮತ್ತು ಬೆತ್ತದ ಕುರ್ಚಿಗಳು ತಯಾರಾದವು. ಹಳತಾದ ಮೇಲೆ ಅವು ಗುಜರಿ ಸಾಮಾನಿನಂತೆ ಹರಾಜಾದವು. ಕೊಂಡುಕೊಂಡ ವಿದೇಶಿ ವ್ಯಾಪಾರಿಗಳು ಅವನ್ನು ರಿಪೇರಿ ಮಾಡಿಸಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. ಅವನ್ನು ಹೊರದೇಶಕ್ಕೆ ಸಾಗಿಸಬಾರದೆಂದು ಕೇಂದ್ರ ಗೃಹ ಸಚಿವಾಲಯ ಆದೇಶ ಹೊರಡಿಸಿದ್ದು 2011ರಲ್ಲಿ. ಅಷ್ಟರಲ್ಲಿ ಆ ಕುರ್ಚಿಯ ಚಿತ್ರ ಲೋಕವೆಲ್ಲ ಸುತ್ತಿತ್ತು. ಇಂದಿರಾನಗರದ ನೂರಡಿ ರಸ್ತೆಯ ಶೋರೂಮಿನ ಗಾಜಿನ ಹಿಂದೆ ಇವತ್ತು ಕಾಣುವ ಬೆತ್ತದಲ್ಲಿ ಆ ಚಿತ್ರದ ನೆರಳಿದೆ. ಹೊರಗಿನವರು ಮೆಚ್ಚಿದ ಮೇಲೆ ನಮ್ಮದು ನಮಗೆ ಚೆಂದ ಕಂಡಿತು. ಮೂರನೇ ಮಹಡಿಯ ಅಜ್ಜನ ಕುರ್ಚಿಗೆ ಮಾತ್ರ ಆ ಮೆಚ್ಚುಗೆ ತಲುಪಲಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ಡಿಸೈನರುಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಪೀಠೋಪಕರಣ ಕಂಪನಿ ಅರ್ಬನ್ ಲ್ಯಾಡರ್ ಬೆಂಗಳೂರಿನಲ್ಲಿ ಶುರುವಾದದ್ದು 2012ರಲ್ಲಿ, ಇಂಟೀರಿಯರ್ ಕಂಪನಿಗಳಾದ ಹೋಮ್‌ಲೇನ್ ಮತ್ತು ಲಿವ್‌ಸ್ಪೇಸ್ 2014ರಲ್ಲಿ. ಅದಕ್ಕೂ ಮೊದಲು ಮನೆಗೆ ಬಡಗಿಯನ್ನು ಕರೆಸಿದರೆ ತಿಂಗಳುಗಟ್ಟಲೆ ಹಾಲಿನ ತುಂಬ ಮರದ ಪುಡಿ, ಕೊನೆಗೆ ಖರ್ಚು ಎಷ್ಟಾಗುತ್ತದೆಂದು ಯಾರಿಗೂ ತಿಳಿಯದು. ಮೊದಲೇ ಚಿತ್ರ ತೋರಿಸಿ, ಬರವಣಿಗೆಯಲ್ಲಿ ಅಂದಾಜು ಕೊಟ್ಟು, ದಿನಾಂಕ ಹೇಳುವ ಪದ್ಧತಿ ಬಂದದ್ದರಿಂದ ಬಾಗ್ಮನೆ ಟೆಕ್ ಪಾರ್ಕಿನಲ್ಲಿ ದಿನವಿಡೀ ದುಡಿಯುವ ಗಂಡ ಹೆಂಡತಿಗೆ ದೊಡ್ಡ ನೆಮ್ಮದಿ ಸಿಕ್ಕಿತು. ಅಡುಗೆಮನೆಯ ಎಳೆಯುವ ಡ್ರಾಯರುಗಳಿಂದ ನನ್ನಂಥವರ ಸೊಂಟ ಉಳಿದಿದೆ.

ನನ್ನ ತಕರಾರು ಆಯ್ಕೆ ನಡೆಯುವ ರೀತಿಯ ಬಗ್ಗೆ. ಡಿಸೈನರ್ ಮನೆಗೆ ಬಂದು ಮೊದಲು ಬಿಚ್ಚುವುದು ಲ್ಯಾಮಿನೇಟ್ ಕಂಪನಿಯ ಫೋಲ್ಡರನ್ನು. ಹೋದ ಸಲ ಬೂದು ಬಣ್ಣ, ಈ ಸಲ ಗೀರುಗೀರಿನ ಫ್ಲೂಟೆಡ್ ಪ್ಯಾನಲ್ಲು. ಅಂಗಡಿಯಲ್ಲಿ ದಾಸ್ತಾನು ಇರುವುದೇ ಟ್ರೆಂಡ್ ಎನಿಸಿಕೊಳ್ಳುತ್ತದೆ. ಎಷ್ಟೋ ಕಡೆ ಅಂಗಡಿಯಿಂದ ಡಿಸೈನರಿಗೆ ಕಮಿಷನ್ ಹೋಗುತ್ತದೆ, ಮನೆಯವರಿಗೆ ಅದು ತಿಳಿಯುವುದಿಲ್ಲ. ಈ ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಯಾರಿಗೆ ಮಂಡಿನೋವು, ಯಾವ ಪೆಟ್ಟಿಗೆಯನ್ನು ಬಿಡಲಾಗದು ಎಂಬ ಮಾತು ಬರುವ ಹೊತ್ತಿಗೆ ಪ್ಲೈವುಡ್ ಲಾರಿ ಗೇಟಿನಲ್ಲಿರುತ್ತದೆ.

ನಮ್ಮ ಮನೆಯಲ್ಲೂ ಪೆಟ್ಟು ತಿಂದಿದ್ದೇವೆ. ಸಿಂಕಿನ ಕೆಳಗಿನ ಕಪಾಟಿಗೆ ಐಎಸ್ 710 ದರ್ಜೆಯ ಪ್ಲೈವುಡ್ ಎಂದು ಅಂದಾಜು ಪಟ್ಟಿಯಲ್ಲಿ ಬರೆದಿತ್ತು. ಆ ದರ್ಜೆಯ ಹಲಗೆ 72 ಗಂಟೆ ಕುದಿಯುವ ನೀರಿನ ಪರೀಕ್ಷೆಯಲ್ಲೂ ಪದರ ಬಿಡಬಾರದು. ನಮ್ಮದು ಎರಡನೇ ಮಳೆಗಾಲಕ್ಕೇ ಬುಡದಲ್ಲಿ ಇಡ್ಲಿಯಂತೆ ಉಬ್ಬಿತು. ಬಡಗಿ ಬಂದು ಹಿಂಜ್ ಬಿಚ್ಚಿ, ತೂತಿನಿಂದ ಉದುರಿದ ಹೊಟ್ಟನ್ನು ಅಂಗೈಯಲ್ಲಿ ಹಿಡಿದು ತೋರಿಸಿದ. "ಅಮ್ಮಾ, ಇದು ಪ್ಲೈ ಅಲ್ಲ. ಇದ್ರಲ್ಲಿ ಒಂದ್ಸಲ ಸ್ಕ್ರೂ ಬಿಚ್ಚಿದ್ರೆ ಮತ್ತೆ ಹಿಡಿಯಲ್ಲ."

ಅಂದಿನಿಂದ ಯಾವ ಪೀಠೋಪಕರಣ ಕಂಡರೂ ನಾನು ಕೇಳುವ ಮೊದಲ ಪ್ರಶ್ನೆ ಇದನ್ನು ರಿಪೇರಿ ಮಾಡಬಹುದೇ ಎಂಬುದು. ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, 2022ರ ಜೂನ್‌ನಲ್ಲಿ ತೆರೆದ ನಾಗಸಂದ್ರದ ಐಕಿಯಾಗೂ ಹೋಗಿ ಬಂದೆ. ಅಲ್ಲಿನ ಹಲವು ಸಾಮಾನುಗಳು ಹೊಟ್ಟಿನ ಹಲಗೆಯವೇ. ಆದರೆ ಯಾವುದರಿಂದ ಮಾಡಿದ್ದು ಎಂಬುದನ್ನು ಬೆಲೆಯ ಜೊತೆಗೇ ತಿಳಿಸುತ್ತಾರೆ. ನಮ್ಮ ಡಿಸೈನರುಗಳು ಇಷ್ಟು ಕಲಿತರೂ ಸಾಕು, ಅರ್ಧ ಜಗಳ ತಪ್ಪುತ್ತದೆ.

ಇನ್ನೊಂದು ತಕರಾರು, ಫಾಲ್ಸ್ ಸೀಲಿಂಗ್. ಬಾಳಿಡೀ ಬೆಳಕನ್ನು ಅಭ್ಯಾಸ ಮಾಡಿ, 1968ರಲ್ಲಿ ದೃಷ್ಟಿಯ ಬಗ್ಗೆಯೇ ಪುಸ್ತಕ ಪ್ರಕಟಿಸಿದ ವಿಜ್ಞಾನಿಯ ಹೆಸರು ಹೊತ್ತ ಬಡಾವಣೆ ನಮ್ಮದು. ಮೊದಲೇ ತಗ್ಗಾದ ಚಾವಣಿಯನ್ನು ಜಿಪ್ಸಮ್ ಹಾಕಿ ಇನ್ನೂ ಇಳಿಸಿ, ಕಿಟಕಿಗೆ ದಪ್ಪ ಪರದೆ ಎಳೆದು, ಹಗಲು ಹನ್ನೊಂದಕ್ಕೆ ದೀಪ ಹಾಕಿಕೊಂಡು ಕೂರುವ ಮನೆಗಳನ್ನು ಕಂಡಾಗ ನನಗೆ ಉಸಿರು ಕಟ್ಟುತ್ತದೆ.

ನಾಲ್ಕನೇ ಮಹಡಿಯಲ್ಲಿ ಈಗ ಕೆಲಸ ಶುರುವಾಗಿದೆ. ಆ ಮನೆಯ ಬೀಟೆ ಮಂಚವನ್ನು ಬಿಚ್ಚಿ ಲಿಫ್ಟಿನ ಪಕ್ಕ ಗೋಡೆಗೆ ಒರಗಿಸಿದ್ದರು. ಅದೂ ಹೋಯಿತು ಎಂದುಕೊಂಡೆ. ನಿನ್ನೆ ಹತ್ತಿ ಹೋದಾಗ ಡಿಸೈನರ್ ಹುಡುಗಿ ಮಂಡಿಯೂರಿ ಟೇಪು ಹಿಡಿದು ಅದನ್ನೇ ಅಳೆಯುತ್ತಿದ್ದಳು. ಎಲ್ಲಿಗಮ್ಮಾ ಇದು ಎಂದು ಕೇಳಿದೆ.

"ಕಿಟಕಿ ಪಕ್ಕಕ್ಕೆ ಆಂಟಿ, ದಿವಾನ್ ಥರ. ಅಜ್ಜಿ ಅಲ್ಲೇ ಕೂತು ಹೂ ಕಟ್ತಾರಂತೆ. ಒಂದು ಕಾಲು ಅಲ್ಲಾಡ್ತಿದೆ, ಬಡಗಿಗೆ ಹೇಳಿದೀನಿ."