ಮದ್ದಿಗೂ ಮುಪ್ಪುಂಟು

ತೋಟಾಗಳನ್ನು ಕೈಯಾರೆ ತುಂಬಿಕೊಳ್ಳುವ ಗುರಿಗಾರರು ತೂಕದ ವಿಷಯದಲ್ಲಿ ಬಲು ಕಟ್ಟುನಿಟ್ಟು. ಗ್ರೇನಿನ ಹತ್ತನೇ ಒಂದು ಪಾಲು ಹೆಚ್ಚುಕಡಿಮೆಯಾದರೂ ಸುರಿದು ಮತ್ತೆ ತೂಗುತ್ತಾರೆ. ಆ ಶಿಸ್ತು ಮದ್ದಿನ ಡಬ್ಬಿಯನ್ನು ಎಲ್ಲಿಡುತ್ತೇವೆ, ಒಳಗಿನ ಮದ್ದು ಈಗ ಹೇಗಿದೆ ಎನ್ನುವುದರಲ್ಲೂ ಇರಬೇಕು. ಏಕೆಂದರೆ ಹೊಗೆರಹಿತ ಮದ್ದಿಗೆ ಕಾರ್ಖಾನೆ ಬಿಟ್ಟ ದಿನದಿಂದಲೇ ವಯಸ್ಸಾಗತೊಡಗುತ್ತದೆ.

ಕೇಪಿನ ಕೋವಿಗಳನ್ನು ಕಂಡ ಕೊಡಗು, ಮಲೆನಾಡಿನವರಿಗೆ ಕರಿಮದ್ದು ಗೊತ್ತು. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಆ ಮಿಶ್ರಣ ಒಣಗಿದ್ದರೆ ಸಾಕು, ತಲೆಮಾರು ಕಳೆದರೂ ತಾನಾಗಿ ಕೆಡದು. ಅದರ ಶತ್ರು ತೇವ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ರೂಪಿಸಿದ ಹೊಗೆರಹಿತ ಮದ್ದಿನ ಸ್ವಭಾವವೇ ಬೇರೆ. ಅದರ ತಿರುಳು ನೈಟ್ರೋಸೆಲ್ಯುಲೋಸ್. ಇದು ಸದಾ ಸಣ್ಣ ಪ್ರಮಾಣದಲ್ಲಿ ಒಡೆಯುತ್ತ ನೈಟ್ರೋಜನ್ ಆಕ್ಸೈಡುಗಳನ್ನು ಬಿಡುತ್ತದೆ. ಅವು ತೇವದೊಂದಿಗೆ ಸೇರಿ ಆಮ್ಲವಾಗುತ್ತವೆ. ಹಾಲಿಗೆ ಬಿದ್ದ ಹೆಪ್ಪಿನಂತೆ ಆ ಆಮ್ಲ ಉಳಿದ ಮದ್ದನ್ನೂ ಕೆಡಿಸುತ್ತ ಹೋಗುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಕ್ರಿಯೆಯ ವೇಗ ಹೆಚ್ಚು.

ಇದಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ತುಲೋನ್ ಬಂದರು ಕಂಡಿದೆ. 1907ರ ಮಾರ್ಚ್ 12ರಂದು ಅಲ್ಲಿ ಫ್ರೆಂಚ್ ಯುದ್ಧನೌಕೆ ‘ಇಯೆನಾ’ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. 1911ರ ಸೆಪ್ಟೆಂಬರ್ 25ರಂದು ಅದೇ ಬಂದರಿನಲ್ಲಿ ‘ಲಿಬರ್ತೆ’ ಛಿದ್ರವಾಯಿತು. ಎರಡರಲ್ಲೂ ಬೆರಳು ತೋರಿದ್ದು ಉಗ್ರಾಣದಲ್ಲಿ ಕೆಟ್ಟಿದ್ದ ಮದ್ದಿನ ಕಡೆಗೆ. ಮದ್ದು ಕೆಡದಿರಲೆಂದು ಫ್ರೆಂಚರು ಬೆರೆಸುತ್ತಿದ್ದ ಅಮೈಲ್ ಆಲ್ಕೋಹಾಲ್ ಸಾಲದಾಗಿತ್ತು. ಮುಂದೆ ಅವರೂ ಡೈಫಿನೈಲಮೀನ್‌ಗೆ ಬಂದರು. ಇಂದಿಗೂ ಬಹುಪಾಲು ಮದ್ದುಗಳನ್ನು ಕಾಯುವುದು ಅದೇ. ಹೊರಬಿದ್ದ ಆಕ್ಸೈಡುಗಳನ್ನು ಅದು ಹೀರಿಕೊಳ್ಳುತ್ತದೆ, ಹೀರುತ್ತ ಹೀರುತ್ತ ತಾನೇ ತೀರಿಹೋಗುತ್ತದೆ. ಕಾವಲು ತೀರಿದ ಮೇಲೆ ಮದ್ದು ಬೇಗ ಕೆಡುತ್ತದೆ.

ಅಮೆರಿಕದ ಸೇನೆ ಇದನ್ನು ಪರೀಕ್ಷಿಸುವ ಹಳೆಯ ಕ್ರಮವೊಂದಿದೆ. ಮದ್ದಿನ ಮಾದರಿಯನ್ನು ಗಾಜಿನ ಭರಣಿಯಲ್ಲಿಟ್ಟು 65.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯುತ್ತಾರೆ. ಕೆಂಪು ಹೊಗೆ ಕಾಣಲು ಎಷ್ಟು ದಿನ ಹಿಡಿಯಿತು ಎಂಬುದೇ ಅದರ ಆಯಸ್ಸಿನ ಅಳತೆ. ಮನೆಯಲ್ಲಿ ಯಾರೂ ಮದ್ದನ್ನು ಬಿಸಿಮಾಡಿ ನೋಡತಕ್ಕದ್ದಲ್ಲ. ನಮಗೆ ಕಣ್ಣು, ಮೂಗು ಸಾಕು. ಒಳ್ಳೆಯ ಮದ್ದಿಗೆ ಈಥರ್, ಆಲ್ಕೋಹಾಲ್‌ಗಳ ತೆಳುವಾದ ವಾಸನೆ ಇರುತ್ತದೆ. ಮುಚ್ಚಳ ತೆಗೆದೊಡನೆ ಆಮ್ಲದ ಖಾರ ಮೂಗಿಗೆ ಹತ್ತಿದರೆ, ಕಂದುಗೆಂಪು ಹೊಗೆ ಕಂಡರೆ, ಕಾಳುಗಳ ಮೇಲೆ ತುಕ್ಕಿನ ಬಣ್ಣದ ಧೂಳಿದ್ದರೆ, ಕಾಳು ಅಂಟಿಕೊಂಡಿದ್ದರೆ ಅದರ ಕಾಲ ಮುಗಿಯಿತು. ತಗಡಿನ ಡಬ್ಬಿಯ ಒಳಮೈ ತುಕ್ಕು ಹಿಡಿದಿದ್ದರೂ ಅದೇ ತೀರ್ಪು. ಡಬ್ಬಿಗೆ ಮೂಗಿಟ್ಟು ಎಳೆಯಬೇಡಿ. ಗಾಳಿಯನ್ನು ಕೈಯಿಂದ ಮೂಗಿನ ಕಡೆಗೆ ಬೀಸಿಕೊಳ್ಳಿ. ತುಂಬಿಟ್ಟ ಹಳೆಯ ತೋಟಾಗಳನ್ನೂ ಮರೆಯಬಾರದು. ಹಿತ್ತಾಳೆ ಕೋಶ ಒಳಗಿನಿಂದ ಹಸಿರುಗಟ್ಟಿದ್ದರೆ ಅದನ್ನು ಹಾರಿಸಕೂಡದು.

ಇಡುವ ಜಾಗ ತಂಪಾಗಿರಲಿ, ಒಣಗಿರಲಿ, ಬಿಸಿಲು ಕಾಣದಿರಲಿ. ಅಟ್ಟ, ಶೆಡ್ಡು, ಕಾರಿನ ಡಿಕ್ಕಿ ಮೂರೂ ಬೇಡ. ಕಾರ್ಖಾನೆಯ ಡಬ್ಬಿಯಿಂದ ಬೇರೆ ಡಬ್ಬಿಗೆ ಸುರಿಯಬೇಡಿ. ಆ ಡಬ್ಬಿ ಬೆಂಕಿ ತಗುಲಿದರೆ ಒತ್ತಡ ಏರುವ ಮೊದಲೇ ಬಾಯಿಬಿಡುವಂತೆ ಮಾಡಿದ್ದು. ಮದ್ದಿನ ಹೆಸರು, ಲಾಟ್ ಸಂಖ್ಯೆ ಇರುವುದೂ ಅದರ ಮೇಲೆಯೇ. ಗಟ್ಟಿ ಉಕ್ಕಿನ ತಿಜೋರಿ ಸುರಕ್ಷಿತವೆಂದು ಅನೇಕರು ನಂಬಿದ್ದಾರೆ. ಆದರೆ ಬಯಲಲ್ಲಿ ಬರೀ ಉರಿಯುವ ಮದ್ದು, ಬಿಗಿಯಾಗಿ ಮುಚ್ಚಿದ ಉಕ್ಕಿನೊಳಗೆ ಬಾಂಬಾಗುತ್ತದೆ. ಅಮೆರಿಕದ ಅಗ್ನಿಸುರಕ್ಷಾ ಸಂಹಿತೆ ಮನೆಯಲ್ಲಿ 20 ಪೌಂಡ್‌ವರೆಗೆ ಮೂಲ ಡಬ್ಬಿಗಳಲ್ಲಿ ಇಡಬಹುದೆನ್ನುತ್ತದೆ. ಅದಕ್ಕಿಂತ ಹೆಚ್ಚಾದರೆ 50 ಪೌಂಡ್‌ವರೆಗೆ ಒಂದಿಂಚು ದಪ್ಪದ ಮರದ ಪೆಟ್ಟಿಗೆ ಬೇಕೆನ್ನುತ್ತದೆ. ಮರ ಬೆಂಕಿಯ ಶಾಖ ಒಳಗೆ ತಲುಪುವುದನ್ನು ತಡಮಾಡುತ್ತದೆ, ಒತ್ತಡವನ್ನು ಹಿಡಿದಿಡುವುದಿಲ್ಲ.

ಕೆಲಸ ಮುಗಿದ ಮೇಲೆ ಅಳತೆಯಂತ್ರದಲ್ಲಿ ಮದ್ದು ಬಿಡುವ ಅಭ್ಯಾಸ ಕೆಟ್ಟದ್ದು. ತೆರೆದಿಟ್ಟ ಮದ್ದಿನ ತೇವಾಂಶ ಬದಲಾಗುತ್ತದೆ. ಹೆಚ್ಚು ಒಣಗಿದ ಮದ್ದು ಬೇಗ ಉರಿದು ಒತ್ತಡ ಏರಿಸುತ್ತದೆ, ಆಗ ನಿಮ್ಮ ಸೂಕ್ಷ್ಮ ತೂಕಕ್ಕೆ ಅರ್ಥವಿಲ್ಲ. ಮೇಲಾಗಿ, ಮರುದಿನ ಅದು ಯಾವ ಮದ್ದೆಂಬ ಅನುಮಾನ ಹುಟ್ಟಿದರೆ ಅದನ್ನು ಮತ್ತೆ ಬಳಸುವಂತಿಲ್ಲ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ ಇರಲಿ. ಕೊಂಡ ದಿನ, ತೆರೆದ ದಿನವನ್ನು ಅದರ ಮೇಲೆ ಬರೆಯಿರಿ. ಹಳೆಯದು ಮೊದಲು ಖರ್ಚಾಗಲಿ. ಹಳೆಯದನ್ನು ಹೊಸದಕ್ಕೆ ಬೆರೆಸಬೇಡಿ.

ಕೆಟ್ಟ ಮದ್ದನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ, ಚರಂಡಿಗೂ ಸುರಿಯುವಂತಿಲ್ಲ. ಹೊಗೆಯಾಡುತ್ತಿದ್ದರೆ, ಮುಟ್ಟಿದಾಗ ಬೆಚ್ಚಗಿದ್ದರೆ ದೂರ ಸರಿದು ಅಗ್ನಿಶಾಮಕ ದಳವನ್ನು ಕರೆಯಬೇಕು.

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ತೋಟಾ ತಯಾರಿಸುವಂತಿಲ್ಲ. ಕಾನೂನು ಅವಕಾಶ ಕೊಟ್ಟ ನಾಡುಗಳಲ್ಲಿ ಈ ಹವ್ಯಾಸ ಹಿಡಿದಿರುವ ಕನ್ನಡಿಗರಿಗೆ ನನ್ನ ಮಾತು ಇಷ್ಟೇ: ಅಗ್ಗಕ್ಕೆ ಸಿಕ್ಕಿತೆಂದು ಮದ್ದು ಕೂಡಿಡಬೇಡಿ, ಒಂದೆರಡು ವರ್ಷಕ್ಕೆ ಬೇಕಾದಷ್ಟೇ ಕೊಳ್ಳಿ. ಅನುಮಾನ ಬಂದ ಡಬ್ಬಿಯನ್ನು ಬೆಲೆ ನೋಡದೆ ಬಿಟ್ಟುಬಿಡಿ. ಹೋದ ಮದ್ದನ್ನು ಮತ್ತೆ ಕೊಳ್ಳಬಹುದು, ಹೋದ ಕಣ್ಣನ್ನಲ್ಲ.